ಓವರ್‌ಹೆಡ್ ಹಂಚುವ ಶೀಟ್ ಕಟ್ಟಿದ ಕಥೆ: ಯಾವ ಪ್ರಾಜೆಕ್ಟಿನಲ್ಲಿ ನಿಜಕ್ಕೂ ದುಡ್ಡು ಉಳಿಯಿತು?

ಆರ್ಡರ್ ಮೇಲೆ ಯಂತ್ರ, ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯ ಲೆಕ್ಕ ನನ್ನ ಕೈಯಲ್ಲಿದೆ. ಇಲ್ಲಿ ಪ್ರತಿ ಆರ್ಡರೂ ಒಂದು ಪ್ರಾಜೆಕ್ಟ್. ಸಾಮಾನು, ಫಿಟ್ಟರ್‌ಗಳ ಕೂಲಿ, ಹೊರಗೆ ಮಾಡಿಸಿದ ಕೆಲಸ ಯಾವ ಪ್ರಾಜೆಕ್ಟಿನದು ಅಂತ ಲೆಜರ್, ಅಂದರೆ ಖಾತೆ ಪುಸ್ತಕ, ನೋಡಿದರೆ ಸಾಕು, ಗೊತ್ತಾಗುತ್ತದೆ. ಇವು ನೇರ ಖರ್ಚು. ತಲೆನೋವು ಇರುವುದು ಉಳಿದದ್ದರಲ್ಲಿ. ಬಾಡಿಗೆ, ಕರೆಂಟು, ಡಿಸೈನರ್‌ಗಳ ಸಂಬಳ, ಸ್ಟೋರ್, ಸೂಪರ್‌ವೈಸರ್, ಸಾಫ್ಟ್‌ವೇರ್ ಲೈಸೆನ್ಸ್. ಇವು ಎಲ್ಲ ಪ್ರಾಜೆಕ್ಟಿಗೂ ಸೇರಿದ್ದು, ಯಾವುದಕ್ಕೂ ಪೂರ್ತಿ ಸೇರಿದ್ದಲ್ಲ. ಇವಕ್ಕೇ ಓವರ್‌ಹೆಡ್ ಅನ್ನುವುದು.

ಇಷ್ಟು ದಿನ ಇವನ್ನೆಲ್ಲ ಒಟ್ಟು ಮಾಡಿ, ಬಿಲ್ ಮೊತ್ತದ ಮೇಲೆ ಇಷ್ಟು ಶೇಕಡಾ ಅಂತ ಹಾಕಿಬಿಡುತ್ತಿದ್ದೆವು. ದೊಡ್ಡ ಬಿಲ್ ಇದ್ದರೆ ದೊಡ್ಡ ಪಾಲು, ಸಣ್ಣ ಬಿಲ್ ಇದ್ದರೆ ಸಣ್ಣ ಪಾಲು. ಲೆಕ್ಕ ಸುಲಭ, ಜಗಳ ಇಲ್ಲ. ಆದರೆ ಡಿಸೈನ್ ರೂಮಿನವರು ಮಾತ್ರ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು: "ನೀವು ಒಳ್ಳೆ ಲಾಭ ಅನ್ನುವ ಪ್ರಾಜೆಕ್ಟೇ ನಮ್ಮ ಜೀವ ತಿನ್ನುತ್ತಿರುವುದು." ಅವರ ಮಾತು ಎಷ್ಟು ನಿಜ ಅಂತ ಅಂಕಿಯಲ್ಲಿ ನೋಡಬೇಕಿತ್ತು. ಅದಕ್ಕೇ ಈ ಶೀಟ್.

ಕೆಳಗಿನ ಅಂಕಿಗಳು ಒಂದು ತ್ರೈಮಾಸಿಕದವು, ದುಡ್ಡಿನ ಮೊತ್ತಗಳು ಸಾವಿರ ರೂಪಾಯಿಯಲ್ಲಿ, ಗಂಟೆಗೆ ಅಥವಾ ಸಾಲಿಗೆ ಇಷ್ಟು ಅನ್ನುವ ದರಗಳು ಮಾತ್ರ ಬರೀ ರೂಪಾಯಿಯಲ್ಲಿ. ಅಸಲಿ ಅಂಕಿ ಹಾಕುವ ಹಾಗಿಲ್ಲ, ಹಾಗಾಗಿ ದುಂಡಗೆ ಮಾಡಿ ಪ್ರಮಾಣ ಮಾತ್ರ ಉಳಿಸಿಕೊಂಡಿದ್ದೇನೆ. ಪ್ರಾಜೆಕ್ಟುಗಳಿಗೆ ಎ, ಬಿ, ಸಿ, ಡಿ ಅಂತ ಹೆಸರು.

ಶುರುವಿನಲ್ಲಿ ಇದ್ದ ಚಿತ್ರ

| ಪ್ರಾಜೆಕ್ಟ್ | ಬಿಲ್ | ನೇರ ಖರ್ಚು | ಉಳಿದದ್ದು | ಓವರ್‌ಹೆಡ್ (ಬಿಲ್‌ನ 24%) | ಲಾಭ |
|---|---|---|---|---|---|
| ಎ | 4,000 | 2,800 | 1,200 | 960 | 240 |
| ಬಿ | 2,500 | 1,750 | 750 | 600 | 150 |
| ಸಿ | 2,000 | 1,100 | 900 | 480 | 420 |
| ಡಿ | 1,500 | 1,150 | 350 | 360 | −10 |
| ಒಟ್ಟು | 10,000 | 6,800 | 3,200 | 2,400 | 800 |

ಇದನ್ನು ನೋಡಿದ ಯಾರಾದರೂ ಏನು ಹೇಳುತ್ತಾರೆ? ಸಿ ಬಂಗಾರ, ಡಿ ದಂಡ. ಸಿ ತರಹದ ಗಿರಾಕಿಗಳನ್ನು ಹುಡುಕಿ, ಡಿ ತರಹದ ಕೆಲಸ ಬಿಡಿ. ಮೀಟಿಂಗಿನಲ್ಲಿ ಆಗುತ್ತಿದ್ದದ್ದೂ ಅದೇ ಮಾತು.

ಮೊದಲ ಕೆಲಸ: ಓವರ್‌ಹೆಡ್ ಅಲ್ಲದ್ದನ್ನು ಆಚೆ ಹಾಕುವುದು

ಹಂಚುವ ಸೂತ್ರ ಬರೆಯುವ ಮೊದಲು ಲೆಜರ್‌ನ ಪ್ರತಿ ಓವರ್‌ಹೆಡ್ ಖಾತೆಯನ್ನೂ ತೆರೆದು ವೋಚರ್ ವೋಚರ್ ನೋಡಿದೆ. ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟು ಮುಂದೆ ಹೋದರೆ ಏನೂ ಪ್ರಯೋಜನವಿಲ್ಲ. "ಪ್ರಯಾಣ ವೆಚ್ಚ" ಅನ್ನುವ ಖಾತೆಯಲ್ಲಿ ಮುಕ್ಕಾಲು ಪಾಲು ಯಾವುದೋ ಒಂದು ಸೈಟಿಗೆ ಹೋಗಿ ಬಂದ ಖರ್ಚು. "ಬಾಡಿಗೆ ಸಲಕರಣೆ" ಅಂದರೆ ಎ ಪ್ರಾಜೆಕ್ಟಿಗೆ ತರಿಸಿದ ಕ್ರೇನ್. "ಕೊರಿಯರ್" ಖಾತೆಯಲ್ಲಿ ಸಿ ಪ್ರಾಜೆಕ್ಟಿಗೆ ಅವಸರಕ್ಕೆ ತರಿಸಿದ ಬಿಡಿಭಾಗಗಳ ಸಾಲೇ ಇತ್ತು. ಇವು ಓವರ್‌ಹೆಡ್ ಅಲ್ಲ. ಯಾವ ಪ್ರಾಜೆಕ್ಟಿಗೆ ಅಂತ ಬಿಲ್ ಮೇಲೇ ಬರೆದಿದೆ, ಎಂಟ್ರಿ ಹಾಕುವಾಗ ಕೋಡ್ ಹಾಕಿಲ್ಲ, ಅಷ್ಟೇ.

ಹೀಗೆ ಸೋಸಿದ ಮೇಲೆ 2,650 ಇದ್ದ ಓವರ್‌ಹೆಡ್ 2,400ಕ್ಕೆ ಇಳಿಯಿತು. 250 ನೇರ ಖರ್ಚಿಗೆ ಹೋಯಿತು. ಮೇಲಿನ ಟೇಬಲ್ ಈ ಬದಲಾವಣೆ ಆದ ನಂತರದ್ದು. ನೇರವಾಗಿ ತೋರಿಸಬಹುದಾದ ಖರ್ಚನ್ನು ಯಾವತ್ತೂ ಹಂಚಬಾರದು. ಹಂಚಿಕೆ ಎಷ್ಟೇ ಜಾಣತನದ್ದಾಗಿರಲಿ, ಕೊನೆಗೂ ಅಂದಾಜೇ.

ಇನ್ನೊಂದು ಚಿಕ್ಕ ಕೆಲಸ: ವರ್ಷಕ್ಕೊಮ್ಮೆ ಕಟ್ಟುವ ಇನ್ಶೂರೆನ್ಸ್, ಲೈಸೆನ್ಸ್‌ಗಳನ್ನು ನಾಲ್ಕು ತ್ರೈಮಾಸಿಕಕ್ಕೆ ಹರಡಿದೆ. ಇಲ್ಲದಿದ್ದರೆ ಲೈಸೆನ್ಸ್ ನವೀಕರಿಸಿದ ತಿಂಗಳಲ್ಲಿ ಓಡುತ್ತಿದ್ದ ಪ್ರಾಜೆಕ್ಟಿಗೆ ಸುಮ್ನೆ ಪೆಟ್ಟು ಬೀಳುತ್ತದೆ.

ಖರ್ಚನ್ನು ಪೂಲ್‌ಗಳಿಗೆ ಹಾಕುವುದು

ಉಳಿದ 2,400 ಅನ್ನು ಐದು ಪೂಲ್, ಅಂದರೆ ಖರ್ಚಿನ ಗುಂಪು, ಮಾಡಿದೆ. ಡಿಸೈನ್ ರೂಮ್, ಶಾಪ್ ಫ್ಲೋರ್ (ಯಂತ್ರ ಜೋಡಿಸುವ ಜಾಗ), ಖರೀದಿ ಮತ್ತು ಸ್ಟೋರ್, ಸೈಟ್ ಕೋಆರ್ಡಿನೇಷನ್, ಆಮೇಲೆ ಕಂಪನಿ ಮಟ್ಟದ ಖರ್ಚು. ಇಪ್ಪತ್ತು ಪೂಲ್ ಮಾಡಬಹುದಿತ್ತು. ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ, ಅಂದರೆ ಎಬಿಸಿ ಪದ್ಧತಿಯನ್ನು 1980ರ ದಶಕದಲ್ಲಿ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ ಪ್ರಚಾರಕ್ಕೆ ತಂದ ಮೇಲೆ ಬಹಳ ಕಡೆ ಆದದ್ದು ಅದೇ. ನೂರಾರು ಚಟುವಟಿಕೆ, ಪ್ರತಿಯೊಂದಕ್ಕೂ ಒಂದು ಅಳತೆ, ಕೊನೆಗೆ ಆ ವ್ಯವಸ್ಥೆಯನ್ನು ನಡೆಸುವುದೇ ಒಂದು ದೊಡ್ಡ ಖರ್ಚು. ನಮ್ಮಂಥ ಕಡೆ ಐದು ಸಾಕು. ಒಂದೇ ಅಳತೆಗೆ ಏರಿ ಇಳಿಯುವ ಖರ್ಚುಗಳೆಲ್ಲ ಒಂದೇ ಪೂಲ್, ಇಷ್ಟೇ ನಿಯಮ.

ಕೆಲವು ಖರ್ಚು ನೇರವಾಗಿ ಪೂಲ್‌ಗೆ ಹೋಗುತ್ತವೆ. ಡಿಸೈನರ್ ಸಂಬಳ ಡಿಸೈನ್ ರೂಮಿಗೆ, ಸ್ಟೋರ್ ಕೀಪರ್ ಸಂಬಳ ಸ್ಟೋರಿಗೆ. ಬಾಡಿಗೆ ಹಾಗಲ್ಲ. ಅಳತೆ ಟೇಪ್ ಹಿಡಿದು ಜಾಗ ಅಳೆದಾಗ ಶಾಪ್ ಫ್ಲೋರ್ 60%, ಸ್ಟೋರ್ 20%, ಡಿಸೈನ್ ರೂಮ್ 12%, ಆಫೀಸ್ 8% ಬಂತು. ಬಾಡಿಗೆ 300 ಇದ್ದದ್ದು 180, 60, 36, 24 ಅಂತ ಒಡೆಯಿತು. ಓಡಾಡುವ ಜಾಗ, ಮೆಟ್ಟಿಲು ಇವನ್ನು ಅಳತೆಯಿಂದ ಬಿಟ್ಟೆ, ಅವುಗಳ ಪಾಲು ತಾನಾಗಿ ಇದೇ ಪ್ರಮಾಣದಲ್ಲಿ ಬೀಳುತ್ತದೆ.

ಕರೆಂಟನ್ನೂ ಜಾಗದ ಪ್ರಕಾರವೇ ಹಂಚಿಬಿಡೋಣ ಅಂತ ಒಬ್ಬರು ಹೇಳಿದರು. ಒಪ್ಪಲಿಲ್ಲ. ಶಾಪ್ ಫ್ಲೋರ್‌ನ ಏರ್ ಕಂಪ್ರೆಸರ್ 15 ಕಿಲೋವ್ಯಾಟ್‌ನದು. ದಿನಕ್ಕೆ 5 ಗಂಟೆ ಲೋಡ್ ಮೇಲೆ ಓಡಿದರೆ 75 ಯೂನಿಟ್. ಡಿಸೈನ್ ರೂಮಿನ 4 ಕಂಪ್ಯೂಟರ್, ಒಂದೊಂದಕ್ಕೆ 200 ವ್ಯಾಟ್ ಅಂತ ಹಿಡಿದು 8 ಗಂಟೆ ಓಡಿದರೂ 6.4 ಯೂನಿಟ್. ಜಾಗದ ಪ್ರಕಾರ ಹೋದರೆ ಡಿಸೈನ್ ರೂಮಿಗೆ ಶಾಪ್ ಫ್ಲೋರ್‌ನ ಐದನೇ ಒಂದು ಪಾಲು ಬೀಳುತ್ತಿತ್ತು. ಕಂಪ್ರೆಸರ್ ಒಂದರ ಎದುರಿಗೆ ಇಟ್ಟರೂ ಅದು ಹನ್ನೊಂದನೇ ಒಂದು ಪಾಲೂ ಇಲ್ಲ. ಪ್ರತಿ ಯಂತ್ರದ ನೇಮ್ ಪ್ಲೇಟಿನಿಂದ ವ್ಯಾಟ್ ಬರೆದುಕೊಂಡು, ಓಡುವ ಗಂಟೆಯಿಂದ ಗುಣಿಸಿ ಹಂಚಿದೆ. ನೇಮ್ ಪ್ಲೇಟ್ ಮೇಲಿನದು ಪೂರ್ತಿ ಲೋಡಿನ ಅಂಕಿ, ನಿಜದಲ್ಲಿ ಕಡಿಮೆ ಎಳೆಯುತ್ತದೆ. ಪ್ರಮಾಣಕ್ಕೆ ಇಷ್ಟು ಸಾಲುತ್ತದೆ.

ಒಂದು ಕಡೆ ಶೀಟ್ ತಕರಾರು ಮಾಡಿತು. ಕಂಪ್ಯೂಟರ್ ನೋಡಿಕೊಳ್ಳುವ ವಿಭಾಗಕ್ಕೆ 90, ಕಟ್ಟಡದ ರಿಪೇರಿ, ಸ್ವಚ್ಛತೆಗೆ 60 ಖರ್ಚು. ಇವೆರಡೂ ಬೇರೆಯವರಿಗೆ ಸೇವೆ ಕೊಡುವ ವಿಭಾಗಗಳು. ಆದರೆ ಒಂದಕ್ಕೊಂದೂ ಕೊಡುತ್ತವೆ. ಕಂಪ್ಯೂಟರ್‌ನವರ ಕೆಲಸದಲ್ಲಿ 10% ಕಟ್ಟಡದವರಿಗೆ, ಕಟ್ಟಡದವರ ಕೆಲಸದಲ್ಲಿ 20% ಕಂಪ್ಯೂಟರ್‌ನವರಿಗೆ. ಇದನ್ನು ಹಾಗೇ ಸೂತ್ರವಾಗಿ ಬರೆದರೆ ಒಂದು ಸೆಲ್ ಇನ್ನೊಂದನ್ನು ನೋಡುತ್ತದೆ, ಅದು ಮತ್ತೆ ಇದನ್ನೇ ನೋಡುತ್ತದೆ. ಎಕ್ಸೆಲ್ ತಕ್ಷಣ ಸರ್ಕ್ಯುಲರ್ ರೆಫರೆನ್ಸ್ ಅಂತ ಎಚ್ಚರಿಸಿತು.

ದಾರಿ ಎರಡಿವೆ. ಒಂದು, ಶಾಲೆಯಲ್ಲಿ ಕಲಿತ ಹಾಗೆ ಎರಡು ಸಮೀಕರಣ ಬಿಡಿಸುವುದು. ಕಂಪ್ಯೂಟರ್ = 90 + ಕಟ್ಟಡದ 0.2 ಪಾಲು, ಕಟ್ಟಡ = 60 + ಕಂಪ್ಯೂಟರ್‌ನ 0.1 ಪಾಲು. ಬಿಡಿಸಿದರೆ 104.08 ಮತ್ತು 70.41. ಇದರಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದನ್ನು ಬಿಟ್ಟು ಹೊರಗೆ ಹೋಗುವುದು 93.67 ಮತ್ತು 56.33. ಕೂಡಿಸಿದರೆ ಮತ್ತೆ 150, ತಾಳೆಯಾಗುತ್ತದೆ. ಇನ್ನೊಂದು ದಾರಿ ಮೆಟ್ಟಿಲು ಇಳಿದ ಹಾಗೆ: ಮೊದಲು ಕಂಪ್ಯೂಟರ್ ವಿಭಾಗದ 90 ಅನ್ನು ಕಟ್ಟಡವೂ ಸೇರಿ ಎಲ್ಲರಿಗೂ ಹಂಚಿ ಆ ಖಾತೆ ಮುಚ್ಚುವುದು, ಆಮೇಲೆ ಕಟ್ಟಡದ್ದನ್ನು ಉಳಿದವರಿಗೆ ಹಂಚುವುದು. ಎರಡೂ ಮಾಡಿ ನೋಡಿದೆ. ಕೊನೆಯ ಪ್ರಾಜೆಕ್ಟ್ ಲಾಭದಲ್ಲಿ ವ್ಯತ್ಯಾಸ ಹುಡುಕಿ ನೋಡಬೇಕು, ಅಷ್ಟು ಸಣ್ಣದು. ಮೆಟ್ಟಿಲಿನದನ್ನೇ ಇಟ್ಟುಕೊಂಡೆ. ನಾನು ರಜೆಯಲ್ಲಿದ್ದಾಗ ಇನ್ನೊಬ್ಬರು ಶೀಟ್ ತೆರೆದರೆ ಅವರಿಗೆ ಅರ್ಥವಾಗಬೇಕು ಅಲ್ವಾ. ಸೇವಾ ವಿಭಾಗಗಳೇ ಐದಾರು ಇದ್ದು, ಅವುಗಳ ಖರ್ಚೇ ದೊಡ್ಡದಾಗಿದ್ದರೆ ಸಮೀಕರಣದ ದಾರಿಯೇ ಸರಿ. ಆಗ ಎಕ್ಸೆಲ್‌ನ ಮ್ಯಾಟ್ರಿಕ್ಸ್ ಫಂಕ್ಷನ್‌ಗಳು ಕೈಹಿಡಿಯುತ್ತವೆ.

ಕೊನೆಗೆ ಪೂಲ್‌ಗಳು ಹೀಗೆ ನಿಂತವು: ಡಿಸೈನ್ ರೂಮ್ 800, ಶಾಪ್ ಫ್ಲೋರ್ 700, ಖರೀದಿ ಮತ್ತು ಸ್ಟೋರ್ 300, ಸೈಟ್ ಕೋಆರ್ಡಿನೇಷನ್ 300, ಕಂಪನಿ ಮಟ್ಟದ್ದು 300.

ಅಳತೆ ಯಾವುದು?

ಇಡೀ ಶೀಟಿನ ಜೀವ ಇಲ್ಲಿದೆ. ಪೂಲ್‌ನ ಖರ್ಚು ಯಾವುದರಿಂದ ಹೆಚ್ಚುತ್ತದೆ ಅಂತ ಕೇಳಬೇಕು, ಯಾವುದು ಸುಲಭವಾಗಿ ಸಿಗುತ್ತದೆ ಅಂತಲ್ಲ. ಬಿಲ್ ಮೊತ್ತ ಸುಲಭವಾಗಿ ಸಿಗುತ್ತದೆ. ಆದರೆ ಬಿಲ್ ದೊಡ್ಡದಾದ ಮಾತ್ರಕ್ಕೆ ಡಿಸೈನರ್ ಜಾಸ್ತಿ ಹೊತ್ತು ಕೂರುವುದಿಲ್ಲ. ಬಿಲ್ ದೊಡ್ಡದಾಗುವುದು ಬಹಳ ಸಲ ದುಬಾರಿ ಸಾಮಾನಿನಿಂದ.

ಡಿಸೈನ್ ರೂಮಿಗೆ ಡಿಸೈನರ್ ಗಂಟೆ. ಶಾಪ್ ಫ್ಲೋರ್‌ಗೆ ಬೆಂಚ್ ಮತ್ತು ಯಂತ್ರದ ಗಂಟೆ. ಖರೀದಿ ಮತ್ತು ಸ್ಟೋರಿಗೆ ಪರ್ಚೇಸ್ ಆರ್ಡರಿನ ಸಾಲುಗಳು. ಆರ್ಡರುಗಳ ಸಂಖ್ಯೆ ಅಲ್ಲ, ಅದರೊಳಗಿನ ಸಾಲು. ಯಾಕೆಂದರೆ ಪ್ರತಿ ಸಾಲಿಗೂ ಒಂದು ದರ ಕೇಳಬೇಕು, ಸಾಮಾನು ಬಂದಾಗ ಎಣಿಸಬೇಕು, ರ‍್ಯಾಕಿನಲ್ಲಿ ಇಡಬೇಕು, ಬಿಲ್ ತಾಳೆ ಹಾಕಬೇಕು. ಸೈಟಿಗೆ ಕೋಆರ್ಡಿನೇಟರ್ ಗಂಟೆ.

ಕಂಪನಿ ಮಟ್ಟದ 300ಕ್ಕೆ ಅಳತೆಯೇ ಇಟ್ಟಿಲ್ಲ. ಆಡಿಟ್ ಫೀ, ಮಾಲೀಕರ ಸಂಬಳ, ಸಾಮಾನ್ಯ ಇನ್ಶೂರೆನ್ಸ್ ಇವು ಒಂದು ಪ್ರಾಜೆಕ್ಟ್ ಬಂದರೆ ಏರುವುದೂ ಇಲ್ಲ, ಹೋದರೆ ಇಳಿಯುವುದೂ ಇಲ್ಲ. ಇದಕ್ಕೂ ಏನೋ ಒಂದು ಶೇಕಡಾ ಹಾಕಿ ಹಂಚಲೇಬೇಕು ಅನ್ನುವವರಿದ್ದಾರೆ. ಹಂಚಿದರೆ ಅಂಕಿ ತುಂಬಿದ ಹಾಗೆ ಕಾಣುತ್ತದೆ, ತಿಳಿವಳಿಕೆ ಏನೂ ಹೆಚ್ಚುವುದಿಲ್ಲ. ಎಲ್ಲ ಪ್ರಾಜೆಕ್ಟೂ ಸೇರಿ ಈ 300 ಅನ್ನು ದುಡಿದು ಕೊಡಬೇಕು ಅಂತ ಕೆಳಗೆ ಒಂದು ಸಾಲಿನಲ್ಲಿ ತೋರಿಸಿದರೆ ಸಾಕು.

ಖಾಲಿ ಕೂತ ಹೊತ್ತು ಯಾರ ತಲೆಗೆ?

ದರ ಹಾಕುವಾಗ ಭಾಗಿಸುವುದು ಯಾವ ಗಂಟೆಯಿಂದ? ಈ ಪ್ರಶ್ನೆಗೆ ಬಹಳ ಜನ ಯೋಚಿಸದೇ ಉತ್ತರ ಕೊಡುತ್ತಾರೆ: ಈ ಸಲ ಎಷ್ಟು ಗಂಟೆ ಕೆಲಸ ಆಯಿತೋ ಅದರಿಂದ. ಡಿಸೈನ್ ರೂಮಿನಲ್ಲಿ ಪ್ರಾಜೆಕ್ಟಿಗೆ ಬಿದ್ದದ್ದು 1,300 ಗಂಟೆ. 8,00,000 ಭಾಗಿಸು 1,300, ಗಂಟೆಗೆ ಸುಮಾರು 615.

ಈಗ ಡಿ ಪ್ರಾಜೆಕ್ಟ್ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಅದರ 90 ಗಂಟೆ ಹೋಗುತ್ತದೆ, ಸಂಬಳ ಮಾತ್ರ ಅಷ್ಟೇ ಇರುತ್ತದೆ. 1,210ರಿಂದ ಭಾಗಿಸಿದರೆ ದರ 661. ಉಳಿದ ಮೂರೂ ಪ್ರಾಜೆಕ್ಟ್ ಏನೂ ಮಾಡದೆ ದುಬಾರಿಯಾದವು. ದುಬಾರಿ ಅಂತ ಬೆಲೆ ಏರಿಸಿದರೆ ಇನ್ನೊಂದು ಆರ್ಡರ್ ಕೈತಪ್ಪುತ್ತದೆ, ದರ ಮತ್ತೆ ಏರುತ್ತದೆ. ಹೀಗೆ ಸುತ್ತಿ ಸುತ್ತಿ ಕೆಳಕ್ಕೆ ಹೋಗುತ್ತದೆ. ಹೆನ್ರಿ ಗ್ಯಾಂಟ್, ಅದೇ ಕೆಲಸದ ವೇಳಾಪಟ್ಟಿ ತೋರಿಸುವ ಗ್ಯಾಂಟ್ ಚಾರ್ಟ್‌ನವರು, 1915ರಲ್ಲೇ ಇದನ್ನು ಎತ್ತಿದ್ದರು. ಸುಮ್ನೆ ನಿಂತ ಯಂತ್ರದ ಖರ್ಚು ಓಡಿದ ಯಂತ್ರದಿಂದ ಹೊರಬಂದ ಸಾಮಾನಿನ ಮೇಲೆ ಬೀಳಬಾರದು ಅನ್ನುವುದು ಅವರ ವಾದ. ಹಣಕಾಸು ವರದಿಯ ಅಂತಾರಾಷ್ಟ್ರೀಯ ಮಾನದಂಡ ಐಎಎಸ್ 2 ಕೂಡ ಸ್ಟಾಕ್ ಬೆಲೆ ಕಟ್ಟುವಾಗ ಸ್ಥಿರ ಉತ್ಪಾದನಾ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಲು ಹೇಳುತ್ತದೆ. ಉತ್ಪಾದನೆ ಕಡಿಮೆಯಾಯಿತು ಅಂತ ಪ್ರತಿ ವಸ್ತುವಿನ ಪಾಲು ಏರಿಸುವ ಹಾಗಿಲ್ಲ, ಮಿಕ್ಕದ್ದು ಆ ಅವಧಿಯ ಖರ್ಚು.

ಹಾಗಾಗಿ ಭಾಗಿಸಿದ್ದು ಆದ ಕೆಲಸದಿಂದಲ್ಲ, ಆಗಬಹುದಾದ ಕೆಲಸದಿಂದ. ಒಬ್ಬ ಡಿಸೈನರ್‌ಗೆ ಕಾಗದದ ಮೇಲೆ 13 ವಾರ, ವಾರಕ್ಕೆ 5 ದಿನ, ದಿನಕ್ಕೆ 8 ಗಂಟೆ, ಅಂದರೆ 520 ಗಂಟೆ. ರಜೆ, ಟ್ರೇನಿಂಗ್, ಮೀಟಿಂಗ್, ಕಂಪ್ಯೂಟರ್ ಕೈಕೊಟ್ಟ ಹೊತ್ತು ಎಲ್ಲ ಕಳೆದು 400 ಹಿಡಿದೆ. ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಎಬಿಸಿಯನ್ನು ಸರಳ ಮಾಡಿ ಸಮಯ ಆಧಾರಿತ ರೂಪ ಕೊಟ್ಟಾಗ, ಇಂಥ ಕಡೆ ಪೂರ್ತಿ ಸಾಮರ್ಥ್ಯದ 80ರಿಂದ 85% ಅಂದಾಜು ಹಿಡಿಯಬಹುದು ಅಂದಿದ್ದರು. ನನ್ನದು 77%, ಯಾಕೆಂದರೆ ರಜೆಯನ್ನೂ ಇದರಲ್ಲೇ ಕಳೆದಿದ್ದೇನೆ. 4 ಜನ, 1,600 ಗಂಟೆ, ಗಂಟೆಗೆ ಸರಿಯಾಗಿ 500. ಬಳಸದೇ ಉಳಿದ 300 ಗಂಟೆಯ 150 ಸಾವಿರ ಯಾವ ಪ್ರಾಜೆಕ್ಟಿಗೂ ಹೋಗುವುದಿಲ್ಲ. "ಖಾಲಿ ಸಾಮರ್ಥ್ಯ" ಅಂತ ಬೇರೆ ಸಾಲು. ಅದು ಆರ್ಡರ್ ತರುವವರು, ಜನರನ್ನು ನೇಮಿಸುವವರು ನೋಡಬೇಕಾದ ಅಂಕಿ.

ಇದೇ ರೀತಿ ಉಳಿದವು. ಶಾಪ್ ಫ್ಲೋರ್ 3,500 ಗಂಟೆ ಸಾಮರ್ಥ್ಯ, ಗಂಟೆಗೆ 200, ಬಳಸಿದ್ದು 3,000. ಖರೀದಿ 1,500 ಸಾಲು, ಸಾಲಿಗೆ 200, ಬಳಸಿದ್ದು 1,300. ಕೋಆರ್ಡಿನೇಷನ್‌ಗೆ ಒಬ್ಬರು ಪೂರ್ತಿ, ಇನ್ನೊಬ್ಬರು ಅರ್ಧ ದಿನ, 600 ಗಂಟೆ, ಗಂಟೆಗೆ 500, ಬಳಸಿದ್ದು 540. ಎಲ್ಲ ಸೇರಿ ಖಾಲಿ ಉಳಿದದ್ದರ ಖರ್ಚು 320.

ಟೈಮ್‌ಶೀಟ್ ಸೋಸಿದ್ದು

ಸೂತ್ರ ಬರೆಯುವುದು ಅರ್ಧ ದಿನದ ಕೆಲಸ. ಗಂಟೆಗಳನ್ನು ನಂಬುವ ಹಾಗೆ ಮಾಡುವುದೇ ಕಷ್ಟ.

ಟೈಮ್‌ಶೀಟ್‌ಗಳಲ್ಲಿ ಎಲ್ಲರದ್ದೂ ದಿನಕ್ಕೆ ಸರಿಯಾಗಿ 8 ಗಂಟೆ. ಯಾರೂ ಖಾಲಿ ಕೂತಿಲ್ಲ! ವಾರದ ಕೊನೆಗೆ ನೆನಪಿನಿಂದ ತುಂಬಿದರೆ ಹೀಗೇ ಆಗುತ್ತದೆ. ಮಿಕ್ಕ ಹೊತ್ತನ್ನು ಯಾವುದಾದರೂ ದೊಡ್ಡ ಪ್ರಾಜೆಕ್ಟಿನ ಮೇಲೆ ಹಾಕಿ ಲೆಕ್ಕ ಸರಿಮಾಡುತ್ತಾರೆ. ಕಪ್ಲಾನ್ ಮತ್ತು ಆಂಡರ್ಸನ್ ಹೇಳಿದ್ದೂ ಇದನ್ನೇ: ನಿನ್ನ ಸಮಯ ಯಾವುದಕ್ಕೆ ಎಷ್ಟು ಶೇಕಡಾ ಅಂತ ಜನರನ್ನು ಕೇಳಿದರೆ ಉತ್ತರ ಯಾವಾಗಲೂ ಕೂಡಿ 100 ಆಗುತ್ತದೆ.

ಡಿಸೈನ್ ರೂಮಿನಲ್ಲಿ ಸಾಕ್ಷಿ ಬೇರೆ ಇತ್ತು. ಪ್ರತಿ ಡ್ರಾಯಿಂಗ್ ಫೈಲಿಗೂ ರಿವಿಷನ್ ನಂಬರ್, ಸೇವ್ ಮಾಡಿದ ಸಮಯ ಇರುತ್ತದೆ. ಅದನ್ನು ಟೈಮ್‌ಶೀಟ್ ಪಕ್ಕದಲ್ಲಿಟ್ಟು, ಆಯಾ ಡಿಸೈನರ್ ಜೊತೆ ಕೂತು ತಿದ್ದಿದೆವು. ಆಮೇಲೆ ಒಂದು ನಿಯಮ ತಂದೆವು: ದಿನದ ಕೊನೆಗೆ ಅರ್ಧ ಗಂಟೆಯ ಲೆಕ್ಕದಲ್ಲಿ ತುಂಬಿ, 8 ಆಗಲೇಬೇಕು ಅಂತಿಲ್ಲ, "ಕೆಲಸ ಇರಲಿಲ್ಲ" ಅನ್ನುವ ಕೋಡ್ ಬಳಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೊನೆಯ ಮಾತನ್ನು ಮಾಲೀಕರ ಬಾಯಿಂದಲೇ ಹೇಳಿಸಿದೆ. ಇಲ್ಲದಿದ್ದರೆ ಆ ಕೋಡ್ ಯಾರೂ ಮುಟ್ಟುತ್ತಿರಲಿಲ್ಲ.

ಶೀಟ್‌ನಲ್ಲಿ ಒಂದು ತಾಳೆ ಸಾಲು ಇದೆ. ಪ್ರಾಜೆಕ್ಟುಗಳಿಗೆ ಹಂಚಿದ್ದು, ಖಾಲಿ ಸಾಮರ್ಥ್ಯ, ಕಂಪನಿ ಮಟ್ಟದ್ದು ಮೂರೂ ಕೂಡಿಸಿ ಲೆಜರ್ ಮೊತ್ತ ಕಳೆದರೆ ಸೊನ್ನೆ ಬರಬೇಕು. ಖಾಲಿ ಗಂಟೆಯನ್ನು "ಸಾಮರ್ಥ್ಯ ಕಳೆ ಟೈಮ್‌ಶೀಟಿನ ಒಟ್ಟು ಪ್ರಾಜೆಕ್ಟ್ ಗಂಟೆ" ಅಂತ ಬರೆದಿದ್ದೇನೆ, ಪ್ರಾಜೆಕ್ಟ್ ಪಾಲನ್ನು ಒಂದೇ ಕೋಡ್‌ನ ಸಾಲುಗಳನ್ನು ಕೂಡಿಸುವ ಸಮ್‌ಇಫ್ಸ್ ಫಂಕ್ಷನ್ ತರುತ್ತದೆ. ಎರಡೂ ಬೇರೆ ಬೇರೆ ದಾರಿಯಿಂದ ಬರುವುದರಿಂದಲೇ ತಾಳೆಗೆ ಬೆಲೆ. ಮೊದಲು ಸೊನ್ನೆ ಬರಲಿಲ್ಲ. ಸೂತ್ರಗಳೆಲ್ಲ ಸರಿ ಇದ್ದವು. ಕೊನೆಗೆ ಸಿಕ್ಕಿದ್ದು ಇದು: ಟೈಮ್‌ಶೀಟಿನ ಕೆಲವು ಸಾಲುಗಳಲ್ಲಿ ಪ್ರಾಜೆಕ್ಟ್ ಕೋಡ್ ಆದ ಮೇಲೆ ಒಂದು ಸ್ಪೇಸ್ ಇತ್ತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಸಮ್‌ಇಫ್ಸ್‌ಗೆ ಅದು ಬೇರೆಯೇ ಪ್ರಾಜೆಕ್ಟ್, ಹಾಗಾಗಿ ಆ ಗಂಟೆಗಳು ಯಾರಿಗೂ ಸೇರದೇ ಹೋದವು. ಟ್ರಿಮ್ ಫಂಕ್ಷನ್‌ನಿಂದ ಸ್ಪೇಸ್ ತೆಗೆದು, ಮುಂದೆ ಕೋಡ್ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗೆ ಮಾಡಿದೆ. ತಾಳೆ ಸಾಲು ಸೊನ್ನೆ ಇಲ್ಲದಿದ್ದರೆ ಇಡೀ ರಿಪೋರ್ಟ್ ಕೆಂಪಾಗುತ್ತದೆ, ಪ್ರಿಂಟ್ ತೆಗೆದರೂ ಕೆಂಪೇ.

ಹೊಸ ಚಿತ್ರ

| | ಎ | ಬಿ | ಸಿ | ಡಿ | ಒಟ್ಟು |
|---|---|---|---|---|---|
| ಡಿಸೈನ್ ಗಂಟೆ | 250 | 200 | 760 | 90 | 1,300 |
| ಶಾಪ್ ಗಂಟೆ | 1,300 | 800 | 500 | 400 | 3,000 |
| ಖರೀದಿ ಸಾಲು | 350 | 250 | 600 | 100 | 1,300 |
| ಕೋಆರ್ಡಿನೇಷನ್ ಗಂಟೆ | 130 | 90 | 280 | 40 | 540 |
| ನೇರ ಖರ್ಚು ಕಳೆದು ಉಳಿದದ್ದು | 1,200 | 750 | 900 | 350 | 3,200 |
| ಹಂಚಿದ ಓವರ್‌ಹೆಡ್ | 520 | 355 | 740 | 165 | 1,780 |
| ಪ್ರಾಜೆಕ್ಟ್ ಲಾಭ | 680 | 395 | 160 | 185 | 1,420 |
| ಬಿಲ್‌ನ ಶೇಕಡಾ | 17.0 | 15.8 | 8.0 | 12.3 | 14.2 |

ಒಟ್ಟು 1,420ರಲ್ಲಿ ಖಾಲಿ ಸಾಮರ್ಥ್ಯದ 320, ಕಂಪನಿ ಮಟ್ಟದ 300 ಕಳೆದರೆ 800. ಸಂಸ್ಥೆಯ ಲಾಭ ಹಳೇ ಲೆಕ್ಕದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಒಳಗಿನ ಸಾಲು ಮಾತ್ರ ತಲೆಕೆಳಗು. ಮೊದಲನೆಯದಾಗಿದ್ದ ಸಿ ಈಗ ಕೊನೆಗೆ ಬಂದಿದೆ. ನಷ್ಟದಲ್ಲಿದ್ದ ಡಿ ಅದಕ್ಕಿಂತ ಮೇಲೆ. ಬಿಲ್‌ನಲ್ಲಿ ಐದನೇ ಒಂದು ಪಾಲಿನ ಸಿ, ಡಿಸೈನ್ ರೂಮಿನ ಕೆಲಸದ 58% ತಿಂದಿದೆ.

ಹಳೇ ಟೇಬಲ್ಲಿನ ಲಾಭವನ್ನೂ ಇದನ್ನೂ ಅಂಕಿಗೆ ಅಂಕಿ ಹೋಲಿಸಬೇಡಿ. ಅಲ್ಲಿ 2,400 ಪೂರ್ತಿ ಹಂಚಿತ್ತು, ಇಲ್ಲಿ 1,780 ಮಾತ್ರ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಹೋಲಿಸಿ.

400 ಗಂಟೆ ಅನ್ನುವ ಅಂದಾಜೇ ತಪ್ಪಿದ್ದರೆ? ಶೀಟ್‌ನಲ್ಲಿ ಆ ಸೆಲ್ ಬದಲಿಸಿ ನೋಡಿದೆ. ಡಿಸೈನ್ ಸಾಮರ್ಥ್ಯ 1,750 ಅಂತ ಹಾಕಿದರೆ ದರ 457ಕ್ಕೆ ಇಳಿದು ಸಿ ಲಾಭ 9.6% ಆಗುತ್ತದೆ, ಡಿ 12.6%. ಸಿ ಇನ್ನೂ ಕೊನೆಯಲ್ಲೇ. ಅಂದಾಜು ಸ್ವಲ್ಪ ಆಚೀಚೆಯಾದರೆ ಸ್ಥಾನ ಬದಲಾಗುವ ಹಾಗಿದ್ದರೆ ಅಂಥ ಫಲಿತಾಂಶ ಹಿಡಿದು ಮೀಟಿಂಗಿಗೆ ಹೋಗಬಾರದು.

ಸಿ ಒಳಗೆ ಏನಾಯಿತು

ಟೈಮ್‌ಶೀಟಿನಲ್ಲಿ ಕೆಲಸದ ವಿಧವೂ ಇದೆ. ಸಿ ಪ್ರಾಜೆಕ್ಟಿನ 760 ಡಿಸೈನ್ ಗಂಟೆಯಲ್ಲಿ 310 ಗಂಟೆ "ರಿವಿಷನ್". ಒಂದು ಡ್ರಾಯಿಂಗ್ ಹಿಡಿದು ಕೊನೆವರೆಗೂ ಹೋದೆ. ಮುಖ್ಯ ಪ್ಯಾನೆಲ್ಲಿನ ಲೇಔಟ್, ಗಿರಾಕಿ ಒಪ್ಪಿ ಸಹಿ ಹಾಕಿದ್ದು. ಆಮೇಲೆ ಕೇಬಲ್ ಕೆಳಗಿಂದ ಬದಲು ಮೇಲಿಂದ ಬರಲಿ ಅಂತ ಒಂದು ಮೇಲ್. ಓದಲು ಒಂದೇ ಸಾಲು. ಅದಕ್ಕೆ ಗ್ಲ್ಯಾಂಡ್ ಪ್ಲೇಟ್ (ಕೇಬಲ್ ಒಳಬರುವ ತಗಡು) ಮೇಲಕ್ಕೆ ಹೋಗಬೇಕು, ಟರ್ಮಿನಲ್ ಸಾಲು ತಿರುಗಬೇಕು, ವೈರಿಂಗ್ ಡಕ್ಟ್ ಅಗಲವಾಗಬೇಕು, ಬಾಗಿಲಿನ ಮೀಟರ್‌ಗಳು ಜಾಗ ಬಿಡಬೇಕು. ಡ್ರಾಯಿಂಗ್ ತಿದ್ದಿದ ಮೇಲೆ ಸಾಮಾನಿನ ಪಟ್ಟಿ ಬದಲಾಯಿತು. ಹಳೇ ಡಕ್ಟ್, ಗ್ಲ್ಯಾಂಡ್‌ಗಳ ಆರ್ಡರ್ ರದ್ದು, ಹೊಸ ಸಾಲು. ಬಂದುಬಿಟ್ಟಿದ್ದ ಸಾಮಾನು ವಾಪಸ್. ಕೋಆರ್ಡಿನೇಟರ್ ಮೂರು ಕಡೆ ಫೋನ್. ಗಿರಾಕಿಗೆ ಬಿಲ್ ಮಾಡಿದ್ದು ಹೊಸ ಸಾಮಾನಿನ ವ್ಯತ್ಯಾಸ ಮಾತ್ರ. ಸಾಮಾನಿನಲ್ಲಿ ಮಾರ್ಜಿನ್ ಚೆನ್ನಾಗಿಯೇ ಸಿಕ್ಕಿತು, ಅದಕ್ಕೇ ನೇರ ಖರ್ಚು ಕಳೆದ ಮೇಲೂ ಸಿ ಹೊಳೆಯುತ್ತಿತ್ತು.

310 ಗಂಟೆಗೆ 500ರಂತೆ 155 ಸಾವಿರ. ಸಿ ಪ್ರಾಜೆಕ್ಟಿನಲ್ಲಿ ಉಳಿದದ್ದು 160. ರಿವಿಷನ್‌ಗೆ ಡಿಸೈನ್ ಗಂಟೆಯ ಖರ್ಚನ್ನಷ್ಟೇ ಕೇಳಿದ್ದರೂ ಲಾಭ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು.

ಮೀಟಿಂಗಿನಲ್ಲಿ ಟೇಬಲ್ ತೋರಿಸಿದ ತಕ್ಷಣ ಬಂದ ಮಾತು, "ಹಾಗಾದ್ರೆ ಸಿ ಗಿರಾಕಿ ಬೇಡ ಬಿಡಿ." ಇಲ್ಲಿ ಬಹಳ ಹುಷಾರಾಗಿರಬೇಕು. ಸಿ ಇರಲಿಲ್ಲ ಅಂದರೆ ಬಿಲ್ 2,000 ಹೋಗುತ್ತಿತ್ತು, ನೇರ ಖರ್ಚು 1,100 ತಪ್ಪುತ್ತಿತ್ತು. ಅದಕ್ಕೆ ಹಂಚಿದ 740ರಲ್ಲಿ ಹೆಚ್ಚಿನದೆಲ್ಲ ಸಂಬಳ, ಬಾಡಿಗೆ. ಅದು ಆ ತ್ರೈಮಾಸಿಕದಲ್ಲಿ ಎಲ್ಲೂ ಹೋಗುವುದಿಲ್ಲ, ಖಾಲಿ ಸಾಮರ್ಥ್ಯದ ಸಾಲಿಗೆ ಜಾರುತ್ತದೆ ಅಷ್ಟೇ. 800 ಲಾಭದಿಂದ 900 ಕಳೆದರೆ 100 ನಷ್ಟ. ಹಂಚಿದ ಖರ್ಚು ಪ್ರಾಜೆಕ್ಟ್ ಬಿಟ್ಟ ತಕ್ಷಣ ತಪ್ಪುವ ಖರ್ಚಲ್ಲ. ಆ ಗಂಟೆಗಳನ್ನು ಬೇರೆ ಕೆಲಸಕ್ಕೆ ಹಾಕಿದರೆ, ಇಲ್ಲವೇ ಮುಂದೆ ಜನ ಕಡಿಮೆ ಮಾಡಿದರೆ ಮಾತ್ರ ಉಳಿತಾಯ. ಡಿಸೈನ್ ರೂಮಿನಲ್ಲಿ ಈಗಾಗಲೇ 300 ಗಂಟೆ ಖಾಲಿ ಇದೆ. ಸಿ ಕೆಲಸ ಬೇರೆ ಯಾವುದನ್ನೂ ತಳ್ಳಿ ಬಂದಿಲ್ಲ.

ಡಿಸೈನ್ ರೂಮ್ ತುಂಬಿ ಆರ್ಡರ್ ಕಾಯುವ ಹಾಗಾದರೆ ಲೆಕ್ಕ ಬೇರೆ. ಆಗ ಒಂದು ಡಿಸೈನ್ ಗಂಟೆಗೆ ಯಾವ ಪ್ರಾಜೆಕ್ಟ್ ಎಷ್ಟು ದುಡಿಯುತ್ತದೆ ಅಂತ ನೋಡಬೇಕು. ಡಿಸೈನ್ ಖರ್ಚು ಕಳೆಯುವ ಮುಂಚೆ ಸಿ ಉಳಿಸಿದ್ದು 540, ಗಂಟೆಗೆ ಸುಮಾರು 710. ಡಿ ಉಳಿಸಿದ್ದು 230, ಆದರೆ 90 ಗಂಟೆಯಲ್ಲಿ, ಅಂದರೆ ಗಂಟೆಗೆ ಸುಮಾರು 2,555. ಈ ಅಂಕಿಗೆ ಶೀಟ್‌ನಲ್ಲಿ ಬೇರೆ ಕಾಲಂ ಇದೆ, ಡಿಸೈನ್ ಬಳಕೆ 90% ದಾಟಿದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಮೊದಲೇ ಕಂಡರೆ ಜನ ತಪ್ಪು ಹೊತ್ತಿನಲ್ಲಿ ಬಳಸುತ್ತಾರೆ.

ಗಿರಾಕಿಯನ್ನು ಬಿಡಲಿಲ್ಲ, ಕೊಟೇಷನ್ ಬದಲಾಯಿತು. ಸಹಿಯಾದ ಡ್ರಾಯಿಂಗ್ ಮೇಲೆ ಎರಡು ತಿದ್ದುಪಡಿ ಉಚಿತ. ಮೂರನೆಯದರಿಂದ ಗಂಟೆ ಲೆಕ್ಕ, ಸಾಮಾನಿನ ವ್ಯತ್ಯಾಸ ಬೇರೆ. ದರ 500 ಅಲ್ಲ, ಅದಕ್ಕಿಂತ ಜಾಸ್ತಿ, ಯಾಕೆಂದರೆ 500ರಲ್ಲಿ ಕಂಪನಿ ಮಟ್ಟದ ಖರ್ಚೂ ಇಲ್ಲ, ಲಾಭವೂ ಇಲ್ಲ. ಡಿ ತರಹದ ಕೆಲಸಕ್ಕೆ ಹಿಂದೆ ಬಿಲ್‌ನ 24% ಓವರ್‌ಹೆಡ್ ಸೇರಿಸಿ ಬೆಲೆ ಹೇಳಿ ಆರ್ಡರ್ ಕಳೆದುಕೊಂಡದ್ದಿದೆ. ಅಲ್ಲಿ ಈಗ ಬೆಲೆ ಇಳಿಸಲು ಜಾಗವಿದೆ.

ಈ ಶೀಟ್ ಒಳಗಿನ ಉಪಯೋಗಕ್ಕೆ ಮಾತ್ರ. ಪ್ರಕಟಿಸುವ ಲೆಕ್ಕಪತ್ರದಲ್ಲಿ ಕಾಂಟ್ರ್ಯಾಕ್ಟ್ ವೆಚ್ಚದ ನಿಯಮ ಬೇರೆ. ಕಾಂಟ್ರ್ಯಾಕ್ಟ್ ಆದಾಯದ ಅಂತಾರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 15ರ ಪ್ರಕಾರ ಕಾಂಟ್ರ್ಯಾಕ್ಟಿಗೆ ನೇರ ಸಂಬಂಧವಿರುವ ಮೇಲ್ವಿಚಾರಣೆ, ಇನ್ಶೂರೆನ್ಸ್, ಸಲಕರಣೆಗಳ ಸವಕಳಿಯ ಪಾಲು ಕಾಂಟ್ರ್ಯಾಕ್ಟ್ ವೆಚ್ಚದಲ್ಲಿ ಸೇರುತ್ತದೆ. ಸಾಮಾನ್ಯ ಆಡಳಿತ ಖರ್ಚು ಸೇರುವುದಿಲ್ಲ, ಗಿರಾಕಿಯೇ ಕೊಡಬೇಕು ಅಂತ ಒಪ್ಪಂದದಲ್ಲಿ ಸ್ಪಷ್ಟವಾಗಿದ್ದರೆ ಮಾತ್ರ ಬೇರೆ ಮಾತು. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟಿಲ್ಲ.

ಇನ್ನೂ ಬಾಕಿ ಇರುವುದು

ಖರೀದಿಯ ಅಳತೆ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ನಟ್ಟು ಬೋಲ್ಟಿನ ಒಂದು ಸಾಲೂ 200, ಹೊರದೇಶದಿಂದ ತರಿಸುವ ಮೋಟಾರ್ ಡ್ರೈವ್‌ನ ಒಂದು ಸಾಲೂ 200. ಮೊದಲನೆಯದು ಫೋನಿನಲ್ಲಿ ಮುಗಿಯುತ್ತದೆ, ಎರಡನೆಯದಕ್ಕೆ ಕಾಗದಪತ್ರವೇ ಒಂದು ಕಂತೆ. ಸಾಲಿಗೆ ಇಷ್ಟು ನಿಮಿಷ, ಹೊಸ ಸಪ್ಲೈಯರ್ ಆದರೆ ಇಷ್ಟು ಸೇರಿಸು, ಹೊರದೇಶದ್ದಾದರೆ ಇಷ್ಟು ಸೇರಿಸು, ರದ್ದಾಗಿ ಮತ್ತೆ ಬಂದರೆ ಇಷ್ಟು ಸೇರಿಸು ಅಂತ ನಿಮಿಷದ ಸೂತ್ರ ಬರೆಯುವುದು ಮುಂದಿನ ಕೆಲಸ. ಖರೀದಿಯವರು ಒಂದು ವಾರ ನಿಮಿಷ ಬರೆದಿಡಲು ಒಪ್ಪಿದ್ದಾರೆ, ಡಿಸೈನ್ ರೂಮಿನವರ ಹಾಗೆ ತಮ್ಮ ಮಾತಿಗೂ ಅಂಕಿ ಸಿಗುತ್ತದೆ ಅಂತ. ನಿಮಿಷ ಬಂದ ಮೇಲೆ ಸಾಲಿಗೆ 200 ಅನ್ನುವ ಸೆಲ್ ತೆಗೆದುಹಾಕಿ ಹಳೇ ತ್ರೈಮಾಸಿಕವನ್ನೇ ಮತ್ತೆ ಓಡಿಸುತ್ತೇನೆ. ಸಿ ಪ್ರಾಜೆಕ್ಟಿನ 8% ಇನ್ನೂ ಕೆಳಗೆ ಹೋಗಬಹುದು ಅನ್ನುವುದು ನನ್ನ ಊಹೆ. ಆ 600 ಸಾಲುಗಳಲ್ಲಿ ರದ್ದಾಗಿ ಮತ್ತೆ ಬಂದವೇ ಜಾಸ್ತಿ.